ಬಚ್ಚಲುಮನೆಗೆ ಬಂದ ಬಿಸಿನೀರು: ಒಂದು ಇತಿಹಾಸ, ಕೆಲವು ಪಾಠಗಳು

ಕೆಲವು ವರ್ಷಗಳ ಹಿಂದೆ ನಾವು ಮನೆ ಕಟ್ಟಿಸಿದೆವು. ಕಾಲೇಜಿನಲ್ಲಿ ವರ್ಷಗಟ್ಟಲೆ ಉಷ್ಣವಿಜ್ಞಾನ ಪಾಠ ಮಾಡಿದ್ದೇನೆ, ಹೀಗಾಗಿ ನೀರಿನ ಕೊಳವೆ, ಗೀಸರ್, ಸೌರ ಜಲತಾಪಕ ಇವುಗಳ ವಿಷಯವನ್ನು ನಾನೇ ನಿರ್ಧರಿಸುತ್ತೇನೆ ಎಂದು ಮನೆಯವರಿಗೆ ಹೇಳಿದೆ. ಮೇಲಿನ ಸ್ನಾನದ ಕೋಣೆಯಲ್ಲಿ ನಲ್ಲಿ ಜೋರಾಗಿ ಬರಲಿ ಎಂದು ಒತ್ತಡ ಹೆಚ್ಚಿಸುವ ಪಂಪು ಹಾಕಿಸಿದೆ. ಒಳಗೆ ಹೋದ ನೀರು ಹಿಂದಿರುಗದಂತೆ ತಡೆಯುವ ಏಕಮುಖ ಕವಾಟವನ್ನೂ ಕೂಡಿಸಿದ್ದಾಯಿತು. ಮರುವಾರದಿಂದ ಗೀಸರ್‌ನ ಕೆಳಗಿದ್ದ ಪುಟ್ಟ ಹಿತ್ತಾಳೆಯ ಕವಾಟ ತೊಟ್ಟಿಕ್ಕತೊಡಗಿತು. ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ತೊಟ್ಟಿಕ್ಕುವುದು ನಿಂತಿತ್ತು. ಕೊಳಾಯಿ ಕೆಲಸದವರು ಸಂತೋಷದಿಂದ ಹೇಳಿದರು: "ಸೋರ್ತಾ ಇತ್ತು ಸಾರ್, ಒಂದು ಡಮ್ಮಿ ಹಾಕಿ ಟೈಟ್ ಮಾಡ್ಬಿಟ್ಟೆ."

ನನ್ನ ಎದೆ ಝಲ್ಲೆಂದಿತು. ಆತ ಮುಚ್ಚಿದ್ದು ಸೋರಿಕೆಯನ್ನಲ್ಲ, ಸುರಕ್ಷಾ ಕವಾಟವನ್ನು. ಆದರೆ ತಪ್ಪು ಆತನೊಬ್ಬನದೇ? ಆ ಕವಾಟ ಏಕೆ ಅಲ್ಲಿದೆ, ಅದು ಏಕೆ ತೊಟ್ಟಿಕ್ಕುತ್ತದೆ ಎಂದು ಯಾರೂ ಆತನಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಮ್ಮ ಬಚ್ಚಲುಮನೆಯ ಪ್ರತಿಯೊಂದು ಕವಾಟದ ಹಿಂದೆ, ಪ್ರತಿಯೊಂದು ಕೊಳವೆಯ ಏರಿಳಿತದ ಹಿಂದೆ ಒಂದು ಇತಿಹಾಸವಿದೆ. ಕೆಲವೆಡೆ ಅದು ಪ್ರಾಣ ತೆತ್ತು ಕಲಿತ ಪಾಠಗಳ ಇತಿಹಾಸ. ಅದನ್ನು ಸ್ವಲ್ಪ ನೋಡೋಣ.

ಹಂಡೆಯ ಕಾಲ

ನಮ್ಮ ಹಿರಿಯರಿಗೆ ಬಿಸಿನೀರೆಂದರೆ ತಾಮ್ರದ ಹಂಡೆ. ಹಿತ್ತಿಲ ಕಡೆಯ ಬಚ್ಚಲಲ್ಲಿ ಒಲೆಯ ಮೇಲೆ ಹಂಡೆಯನ್ನು ಮಣ್ಣಿನಿಂದ ಕಟ್ಟಿ ಕೂಡಿಸಿರುತ್ತಿದ್ದರು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಳ್ಳಿ ಸುತ್ತಿ ಪೂಜಿಸುವುದು ಇಂದಿಗೂ ಹಲವು ಮನೆಗಳಲ್ಲಿ ಉಳಿದಿದೆ. ಭೌತವಿಜ್ಞಾನದ ದೃಷ್ಟಿಯಿಂದ ಹಂಡೆಗೆ ಎರಡು ದೊಡ್ಡ ಗುಣಗಳಿವೆ. ಮೊದಲನೆಯದು, ಅದರ ಬಾಯಿ ತೆರೆದಿದೆ. ಎಷ್ಟೇ ಸೌದೆ ತುರುಕಿದರೂ ನೀರಿನ ತಾಪ ಕುದಿಯುವ ಬಿಂದುವನ್ನು ದಾಟದು, ಒತ್ತಡವೂ ಏರದು. ಎರಡನೆಯದು, ಉರಿ ಸರಿಯಾಗಿಲ್ಲದಿದ್ದರೆ ಕಣ್ಣುರಿಸುವ ಹೊಗೆ ತಾನೇ ಎಚ್ಚರಿಸುತ್ತದೆ, ಸೂರಿನ ಸಂದುಗಳಿಂದ ಗಾಳಿಯೂ ಧಾರಾಳವಾಗಿ ಆಡುತ್ತದೆ.

ಹಂಡೆಯ ದೊಡ್ಡ ದೋಷವೆಂದರೆ ಸೌದೆಯ ದುಂದು. ಸಾಂಪ್ರದಾಯಿಕ ಒಲೆಯಲ್ಲಿ ಉತ್ಪತ್ತಿಯಾಗುವ ಉಷ್ಣದ ಬಹುಪಾಲು ಪಾತ್ರೆಗೆ ತಲಪದೆ ಹೊರಗೆ ಹೋಗುತ್ತದೆ. ಈ ಸಮಸ್ಯೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ. ಅಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ 'ಅಸ್ತ್ರ' ಘಟಕ, 1980ರ ದಶಕದಲ್ಲಿ ಹೊಗೆಕೊಳವೆ ಮತ್ತು ಜಾಲರಿ ಇರುವ 'ಅಸ್ತ್ರ ಒಲೆ'ಯನ್ನು ಕರ್ನಾಟಕದ ಹಳ್ಳಿಗಳಿಗೆ ಕೊಟ್ಟಿತು. ಗಾಳಿಯ ಪ್ರವೇಶವನ್ನು ಅಳೆದು ನಿಯಂತ್ರಿಸಿ, ಹೊಗೆಯನ್ನು ಹೊರಗೆ ಕಳಿಸುವುದೇ ಅದರ ಮೂಲ ವಿಚಾರ. ಈ ಮಾತನ್ನು ನೆನಪಿನಲ್ಲಿಡಿ. ಇದನ್ನು ಮರೆತ ಕಡೆ ಏನಾಯಿತೆಂಬುದೇ ಮುಂದಿನ ಕಥೆ.

ಲಂಡನ್ನಿನ ಗೀಸರ್

'ಗೀಸರ್' ಎಂಬ ಪದ ಐಸ್‌ಲ್ಯಾಂಡಿನದು. ಅಲ್ಲಿ ನೆಲದಿಂದ ಚಿಮ್ಮುವ ಒಂದು ಪ್ರಸಿದ್ಧ ಬಿಸಿನೀರ ಬುಗ್ಗೆಯ ಹೆಸರೇ ಗೇಯ್ಸಿರ್. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಅನಿಲದಿಂದ ಕ್ಷಣಮಾತ್ರದಲ್ಲಿ ನೀರು ಕಾಯಿಸುವ ಸಾಧನವೊಂದನ್ನು ರೂಪಿಸಿ ಅದಕ್ಕೆ ಈ ಹೆಸರಿಟ್ಟ. ಆತ ವೃತ್ತಿಯಿಂದ ಎಂಜಿನಿಯರನಲ್ಲ, ಬಣ್ಣಗಾರ. ಆ ಸಾಧನದಲ್ಲಿ ಮೇಲಿನಿಂದ ತಣ್ಣೀರು ತಂತಿಗಳ ಮೇಲೆ ಹರಿದು ಇಳಿಯುತ್ತಿತ್ತು, ಕೆಳಗಿನಿಂದ ಉರಿಯ ಬಿಸಿ ಅನಿಲಗಳು ಅದರ ನಡುವೆಯೇ ಏರುತ್ತಿದ್ದವು. ನೀರು ಬೇಗ ಕಾಯುತ್ತಿತ್ತು, ನಿಜ. ಆದರೆ ಉರಿದ ಅನಿಲವನ್ನು ಹೊರಗೊಯ್ಯುವ ಹೊಗೆಕೊಳವೆ ಅದಕ್ಕಿರಲಿಲ್ಲ. ಎಲ್ಲವೂ ಸ್ನಾನದ ಕೋಣೆಯಲ್ಲೇ ಉಳಿಯುತ್ತಿತ್ತು.

ಅನಿಲ ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಆಮ್ಲಜನಕ ಸಾಲದಾದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ ಜೊತೆ ಬಂಧಿಸಿಕೊಂಡು ಆಮ್ಲಜನಕವನ್ನು ಹೊರತಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲೋದ್ ಬರ್ನಾರ್ 1850ರ ದಶಕದಲ್ಲಿಯೇ ತೋರಿಸಿದ್ದ. 1890ರ ದಶಕದಲ್ಲಿ ಜೆ.ಎಸ್. ಹಾಲ್ಡೇನ್ ಈ ಅನಿಲವನ್ನು ತಾನೇ ಉಸಿರಾಡಿ ಅದರ ಪರಿಣಾಮಗಳನ್ನು ಅಳೆದ. ಗಣಿಗಳೊಳಕ್ಕೆ ಸಣ್ಣ ಪ್ರಾಣಿ ಪಕ್ಷಿಗಳನ್ನು ಒಯ್ದರೆ ಅಪಾಯ ಮೊದಲೇ ತಿಳಿಯುತ್ತದೆ ಎಂಬುದು ಆತನ ಸಲಹೆ. ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಒಲವು ಈ ಅನಿಲದ ಮೇಲಿದೆ.

ಇದು ಹಳೆಯ ಲಂಡನ್ನಿನ ಮಾತಷ್ಟೇ ಎಂದುಕೊಳ್ಳಬೇಡಿ. ಬೆಂಗಳೂರೂ ಸೇರಿದಂತೆ ನಮ್ಮ ನಗರಗಳಲ್ಲಿ, ಎಲ್.ಪಿ.ಜಿ.ಯಿಂದ ನಡೆಯುವ ಗ್ಯಾಸ್ ಗೀಸರನ್ನು ಮುಚ್ಚಿದ ಸ್ನಾನದ ಕೋಣೆಯಲ್ಲಿ ಇಟ್ಟು ಪ್ರಾಣ ಕಳೆದುಕೊಂಡವರ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಸುಮಾರು 10.5 ಕಿಲೋವಾಟ್ ಬೇಕು. ದಕ್ಷತೆ ಶೇ. 80 ಎಂದಿಟ್ಟುಕೊಂಡರೆ ಉರಿಯಿಂದ ಸುಮಾರು 13 ಕಿಲೋವಾಟ್ ಬರಬೇಕು. ಇದಕ್ಕೆ ನಿಮಿಷಕ್ಕೆ ಸುಮಾರು 17 ಗ್ರಾಂ ಎಲ್.ಪಿ.ಜಿ. ಬೇಕಾಗುತ್ತದೆ. ಒಂದು ಕಿಲೋಗ್ರಾಂ ಎಲ್.ಪಿ.ಜಿ. ಪೂರ್ತಿ ಉರಿಯಲು ಸುಮಾರು 13 ಘನಮೀಟರ್ ಗಾಳಿ ಬೇಕು. ಅಂದರೆ ಹತ್ತು ನಿಮಿಷದ ಸ್ನಾನಕ್ಕೆ ಸುಮಾರು 2.2 ಘನಮೀಟರ್ ಗಾಳಿಯಲ್ಲಿನ ಆಮ್ಲಜನಕ ಖರ್ಚಾಗುತ್ತದೆ. 1.5 ಮೀಟರ್ ಅಗಲ, 1.8 ಮೀಟರ್ ಉದ್ದ, 2.4 ಮೀಟರ್ ಎತ್ತರದ ಕೋಣೆಯಲ್ಲಿ ಇರುವ ಗಾಳಿಯೇ 6.5 ಘನಮೀಟರ್. ಮೂರರಲ್ಲಿ ಒಂದು ಪಾಲು ಹತ್ತೇ ನಿಮಿಷದಲ್ಲಿ ಮುಗಿಯಿತು! ಚಳಿಯೆಂದು ಕಿಟಕಿ ಮುಚ್ಚಿದ್ದರೆ ಉರಿಗೆ ಆಮ್ಲಜನಕ ಸಾಲದೆ ಮಾನಾಕ್ಸೈಡ್ ಹೆಚ್ಚುತ್ತ ಹೋಗುತ್ತದೆ. ಒಳಗಿರುವವರಿಗೆ ತಲೆ ಸುತ್ತಿದಂತಾಗುತ್ತದೆ, ಕೈಕಾಲು ಸೋಲುತ್ತವೆ, ಬಾಗಿಲು ತೆಗೆಯಲೂ ಆಗುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಗ್ಯಾಸ್ ಗೀಸರ್ ಇರಬೇಕಾದ ಜಾಗ ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ನಮ್ಮ ಮನೆಯಲ್ಲಿ ನಾನು ಸರಿಯಾಗಿ ತೆಗೆದುಕೊಂಡ ಕೆಲವೇ ತೀರ್ಮಾನಗಳಲ್ಲಿ ಇದೂ ಒಂದು: ಗ್ಯಾಸ್ ಗೀಸರ್ ಬೇಡವೆಂದೆ.

ಮುಚ್ಚಿದ ಪಾತ್ರೆ

ಬೇಕಾದಾಗಲೆಲ್ಲ ಬಿಸಿನೀರು ಸಿದ್ಧವಿರಬೇಕೆಂದರೆ ಅದನ್ನು ಕಾಯಿಸಿ ಕೂಡಿಡಬೇಕು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನೆಲಸಿದ ಎಡ್ವಿನ್ ರೂಡ್ 1889ರಲ್ಲಿ ತಾನೇ ಹೊತ್ತಿ ತಾನೇ ಆರುವ ಶೇಖರಣಾ ಜಲತಾಪಕವನ್ನು ರೂಪಿಸಿದ. ಇಂದಿನ ವಿದ್ಯುತ್ ಗೀಸರ್‌ಗಳು ಆ ವಂಶದವು. ಉರಿಯ ಬದಲು ವಿದ್ಯುತ್ ಸುರುಳಿ ಬಂದಿದೆ ಅಷ್ಟೆ. ಇಲ್ಲಿ ಹೊಗೆಯ ಭಯವಿಲ್ಲ. ಆದರೆ ಹಂಡೆಯ ತೆರೆದ ಬಾಯಿ ಮುಚ್ಚಿಹೋಯಿತು.

ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸುವುದರ ಅಪಾಯವನ್ನು ಮೊದಲು ಸ್ಪಷ್ಟವಾಗಿ ಕಂಡವನು ಡೆನಿ ಪಾಪ್ಯಾ. ಆತ 1679ರಲ್ಲಿ ರೂಪಿಸಿದ 'ಡೈಜೆಸ್ಟರ್' ನಮ್ಮ ಪ್ರೆಶರ್ ಕುಕ್ಕರಿನ ಮುತ್ತಜ್ಜ. ಅದು ಒಡೆಯದಂತೆ ನೋಡಿಕೊಳ್ಳಲು ಸನ್ನೆಕೋಲಿನ ತುದಿಗೆ ತೂಕ ಕಟ್ಟಿ ಸುರಕ್ಷಾ ಕವಾಟವೊಂದನ್ನು ಅಳವಡಿಸಿದ. ಕುಕ್ಕರಿನ ಮೇಲೆ ಕೂಡಿಸುವ ವೈಟ್ ಅದರದೇ ರೂಪ. ಆದರೂ ಪಾಠ ಮನೆಗಳಿಗೆ ತಲಪಲು ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಡುಗೆ ಒಲೆಯ ಹಿಂದೆ ನೀರಿನ ಬಾಯ್ಲರ್ ಇಡುವ ರೂಢಿ ಬಂತು. ಕಡು ಚಳಿಯಲ್ಲಿ ಅದರ ಕೊಳವೆಗಳು ಹೆಪ್ಪುಗಟ್ಟಿ ಮುಚ್ಚಿಹೋದಾಗ, ಬೆಳಗ್ಗೆ ಒಲೆ ಹೊತ್ತಿಸಿದವರ ಮುಂದೆಯೇ ಬಾಯ್ಲರ್ ಸಿಡಿಯುತ್ತಿತ್ತು. ಅಲ್ಲಿ ದಾರಿ ಮುಚ್ಚಿದ್ದು ಮಂಜುಗಡ್ಡೆ. ನಮ್ಮ ಮನೆಯಲ್ಲಿ ಡಮ್ಮಿ!

ನಮ್ಮ ಗೀಸರ್ ಏಕೆ ತೊಟ್ಟಿಕ್ಕುತ್ತಿತ್ತು? 20 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಘನಮೀಟರಿಗೆ 998 ಕಿಲೋಗ್ರಾಂ, 60 ಡಿಗ್ರಿಯಲ್ಲಿ 983. ಅಂದರೆ ಗಾತ್ರ ಶೇ. 1.5ರಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರ್‌ನಲ್ಲಿ ಇದು ಸುಮಾರು 380 ಮಿಲಿಲೀಟರ್, ಎರಡು ಲೋಟ ನೀರು. ಮಾಳಿಗೆಯ ಟ್ಯಾಂಕಿನಿಂದ ನೇರವಾಗಿ ನೀರು ಬರುತ್ತಿದ್ದು, ನಡುವೆ ಏಕಮುಖ ಕವಾಟ ಇಲ್ಲದಿದ್ದರೆ ಈ ಹೆಚ್ಚುವರಿ ನೀರು ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತದೆ. ನಾನು ಪಂಪು ಹಾಕಿಸಿ, ಏಕಮುಖ ಕವಾಟವನ್ನೂ ಕೂಡಿಸಿ ಆ ದಾರಿಯನ್ನು ಮುಚ್ಚಿಸಿದ್ದೆ. ಉಳಿದದ್ದು ಸುರಕ್ಷಾ ಕವಾಟವೊಂದೇ. ಅದು ತೊಟ್ಟಿಕ್ಕುತ್ತಿದ್ದುದು ಕೆಟ್ಟುಹೋಗಿದ್ದರಿಂದಲ್ಲ, ತನ್ನ ಕೆಲಸವನ್ನು ಮಾಡುತ್ತಿದ್ದುದರಿಂದ.

ಅದನ್ನೂ ಮುಚ್ಚಿದರೆ? ನೀರನ್ನು ಕುಗ್ಗಿಸುವುದು ಬಹಳ ಕಷ್ಟ. ಅದರ ಗಾತ್ರ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 2.2 ಗಿಗಾಪಾಸ್ಕಲ್. ಪಾತ್ರೆ ಕಿಂಚಿತ್ತೂ ಹಿಗ್ಗದು ಎಂದು ಭಾವಿಸಿದರೆ ಶೇ. 1.5ರ ಹಿಗ್ಗನ್ನು ತಡೆದಾಗ ಹುಟ್ಟುವ ಒತ್ತಡ ವಾಯುಮಂಡಲದ ಒತ್ತಡದ 300 ಪಟ್ಟನ್ನೂ ಮೀರುತ್ತದೆ. ವಾಸ್ತವದಲ್ಲಿ ಪಾತ್ರೆ, ಕೊಳವೆಗಳು ತುಸು ಹಿಗ್ಗುತ್ತವೆ, ಒಳಗೆ ಸಿಕ್ಕಿದ ಗಾಳಿ ಕುಗ್ಗುತ್ತದೆ. ಆದ್ದರಿಂದ ಒತ್ತಡ ಅಷ್ಟು ಏರದು. ಆದರೂ ದಿನಕ್ಕೆರಡು ಬಾರಿ ಪಾತ್ರೆಯ ಬೆಸುಗೆಗಳನ್ನು ಹಿಗ್ಗಿಸಿ ಕುಗ್ಗಿಸಿದರೆ ಅವು ಎಷ್ಟು ದಿನ ತಾಳಿಯಾವು?

ನಿಜವಾದ ಅಪಾಯ ಬರುವುದು ತಾಪನಿಯಂತ್ರಕವೂ ಕೈಕೊಟ್ಟಾಗ. ಆಗ ನೀರಿನ ತಾಪ 100 ಡಿಗ್ರಿಯನ್ನು ದಾಟಿ ಏರುತ್ತದೆ, ಒತ್ತಡವಿರುವುದರಿಂದ ಕುದಿಯುವುದಿಲ್ಲ. 150 ಡಿಗ್ರಿಯಲ್ಲಿ ಪಾತ್ರೆ ಒಡೆಯಿತೆನ್ನಿ. ಒಮ್ಮೆಲೆ ಒತ್ತಡ ಇಳಿದಾಗ 100 ಡಿಗ್ರಿಗಿಂತ ಹೆಚ್ಚಾಗಿದ್ದ ಉಷ್ಣವೆಲ್ಲ ನೀರನ್ನು ಆವಿಯಾಗಿಸಲು ತೊಡಗುತ್ತದೆ. ಒಂದು ಕಿಲೋಗ್ರಾಂ ನೀರಿನಲ್ಲಿ ಹೀಗೆ ಬಿಡುಗಡೆಯಾಗುವುದು ಸುಮಾರು 210 ಕಿಲೋಜೂಲ್, ಗುಪ್ತೋಷ್ಣ 2257 ಕಿಲೋಜೂಲ್. ಆದ್ದರಿಂದ ನೀರಿನ ಶೇ. 9ರಷ್ಟು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. 25 ಕಿಲೋಗ್ರಾಂ ನೀರಿನಲ್ಲಿ 2.3 ಕಿಲೋಗ್ರಾಂ ಆವಿ, ಅಂದರೆ ಸುಮಾರು 4 ಘನಮೀಟರ್. ಒಂದು ಚಿಕ್ಕ ಸ್ನಾನದ ಕೋಣೆ ತುಂಬುವಷ್ಟು! ತಾಪನಿಯಂತ್ರಕ, ಅದು ಸೋತರೆ ವಿದ್ಯುತ್ತನ್ನು ಕಡಿದುಹಾಕುವ ಉಷ್ಣಛೇದಕ, ಅದೂ ಸೋತರೆ ಸುರಕ್ಷಾ ಕವಾಟ: ಹೀಗೆ ಒಂದರ ಹಿಂದೆ ಒಂದು ರಕ್ಷಣೆ ಇರುವುದು ಈ ಕಾರಣಕ್ಕೆ. ಡಮ್ಮಿ ಹಾಕಿದ ದಿನ ಏನೂ ಆಗುವುದಿಲ್ಲ. ಅದೇ ಅದರ ಮೋಸ.

ಅಂದೇ ಡಮ್ಮಿಯನ್ನು ತೆಗೆಸಿ, ಕವಾಟದ ಬಾಯಿಗೆ ಸಣ್ಣ ಕೊಳವೆ ಕೂಡಿಸಿ ನೀರು ಬಚ್ಚಲಿಗೆ ಹೋಗುವಂತೆ ಮಾಡಿದೆವು. ಆ ಕೊಳವೆಯ ತುದಿ ಸದಾ ತೆರೆದಿರಬೇಕು. ಹಿಗ್ಗಿದ ನೀರಿಗೆ ಜಾಗ ಕೊಡುವ ಚಿಕ್ಕ ಹಿಗ್ಗುಪಾತ್ರೆಯನ್ನು ಮುಂದೆ ಹಾಕಿಸಿದೆ, ತೊಟ್ಟಿಕ್ಕುವುದು ನಿಂತಿತು. ಕೊಳಾಯಿ ಕೆಲಸದವರನ್ನು ಕೂಡಿಸಿಕೊಂಡು ಈ ಲೆಕ್ಕವನ್ನೆಲ್ಲ ಹೇಳಿದಾಗ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸಾರ್, ಇನ್ನೂ ನಾಲ್ಕೈದು ಮನೇಲಿ ಹಾಕಿದೀನಿ, ನಾಳೆ ಹೋಗಿ ತೆಗೆದುಬಿಡ್ತೀನಿ" ಎಂದರು. ಹಾಗೆಯೇ ತೆಗೆದು ಬಂದರು ಕೂಡ. ತರಗತಿಯಲ್ಲಿ ನಾನು ಮಾಡಿದ ಎಷ್ಟೋ ಪಾಠಗಳಿಗಿಂತ ಇದು ಹೆಚ್ಚು ಫಲ ಕೊಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಬಿಸಿಲನ್ನು ಹಿಡಿದವರು

ಈಗ ಮಾಳಿಗೆಗೆ ಹೋಗೋಣ. ಸ್ವಿಟ್ಜರ್ಲೆಂಡಿನ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1767ರಲ್ಲಿ ಗಾಜಿನ ಹೊದಿಕೆಯ ಪೆಟ್ಟಿಗೆಗಳಲ್ಲಿ ಬಿಸಿಲನ್ನು ಹಿಡಿಯುವ ಪ್ರಯೋಗ ಆರಂಭಿಸಿದ. ಸುಧಾರಿಸಿದ ಪೆಟ್ಟಿಗೆಯಲ್ಲಿ ತಾಪ ನೀರಿನ ಕುದಿಯುವ ಬಿಂದುವನ್ನೂ ದಾಟಿತು. ಇದನ್ನು ಮನೆಬಳಕೆಗೆ ತಂದವನು ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್. 1891ರಲ್ಲಿ ಆತ ಪೇಟೆಂಟ್ ಪಡೆದ 'ಕ್ಲೈಮ್ಯಾಕ್ಸ್' ಜಲತಾಪಕದಲ್ಲಿ ಕಪ್ಪು ಬಣ್ಣ ಬಳಿದ ಲೋಹದ ತೊಟ್ಟಿಗಳನ್ನು ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಸಂಜೆಗೆ ಬಿಸಿನೀರು ಸಿಗುತ್ತಿತ್ತು. ಆದರೆ ಬಿಸಿಲು ಹಿಡಿಯುವ ತೊಟ್ಟಿಯೇ ನೀರು ಕೂಡಿಡುವ ತೊಟ್ಟಿಯೂ ಆಗಿದ್ದರಿಂದ, ಹಗಲು ಗಳಿಸಿದ್ದನ್ನು ಇರುಳು ಕಳೆಯುತ್ತಿತ್ತು.

1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೇಲಿ ಎರಡನ್ನೂ ಬೇರೆ ಮಾಡಿದ. ಬಿಸಿಲಿಗೆ ಕಪ್ಪು ಲೋಹದ ಹಾಳೆಗೆ ಅಂಟಿಸಿದ ಕೊಳವೆಗಳ ಫಲಕ. ಕೂಡಿಡಲು ಉಷ್ಣರೋಧಕದಿಂದ ಸುತ್ತಿದ ಟ್ಯಾಂಕು. ಆತನ ಸಾಧನದ ಹೆಸರೇ 'ಹಗಲು ಮತ್ತು ಇರುಳು' ಎಂದು. ಫಲಕದಿಂದ ಟ್ಯಾಂಕಿಗೆ ನೀರನ್ನು ಒಯ್ಯಲು ಪಂಪು ಬೇಡ. ಬಿಸಿನೀರು ಹಗುರ, ತಣ್ಣೀರು ಭಾರ. ಫಲಕದಲ್ಲಿ ಕಾದ ನೀರು ತಾನೇ ಮೇಲಕ್ಕೇರಿ ಟ್ಯಾಂಕನ್ನು ಸೇರುತ್ತದೆ, ಟ್ಯಾಂಕಿನ ತಳದ ತಣ್ಣೀರು ಫಲಕಕ್ಕೆ ಇಳಿಯುತ್ತದೆ. ಇದೇ ಥರ್ಮೋಸೈಫನ್. ದ್ರವಗಳಲ್ಲಿ ಉಷ್ಣ ಹರಡುವುದು ಮುಖ್ಯವಾಗಿ ಹೀಗೆ ದ್ರವವೇ ಚಲಿಸುವುದರಿಂದ ಎಂಬುದನ್ನು ಕೌಂಟ್ ರಂಫರ್ಡ್ 1797ರಲ್ಲಿ ಪ್ರಕಟಿಸಿದ್ದ. ದೊಡ್ಡ ತಾಪಮಾಪಕವೊಂದರ ದ್ರವದಲ್ಲಿ ಧೂಳಿನ ಕಣಗಳು ನಡುವೆ ಏರುತ್ತ, ಬದಿಯಲ್ಲಿ ಇಳಿಯುತ್ತ ಇದ್ದುದನ್ನು ಆತ ಕಂಡಿದ್ದ. ಅದೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಬಾನ್‌ಮ್ಯಾ ಎಂಬಾತ ಹೀಗೆ ತಾನೇ ಪರಿಚಲಿಸುವ ಬಿಸಿನೀರಿನಿಂದ ಕೋಳಿಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದ.

ಆದರೆ ಈ ತಳ್ಳುಬಲ ಎಷ್ಟು ಚಿಕ್ಕದು ಎಂಬುದನ್ನು ಗಮನಿಸಬೇಕು. 20 ಡಿಗ್ರಿ ಮತ್ತು 60 ಡಿಗ್ರಿಯ ನೀರಿನ ಎರಡು ಕಂಬಗಳು, ತಲಾ ಒಂದು ಮೀಟರ್ ಎತ್ತರ. ಅವುಗಳ ತಳದ ಒತ್ತಡಗಳ ವ್ಯತ್ಯಾಸ ಕೇವಲ 15 ಮಿಲಿಮೀಟರ್ ನೀರಿನಷ್ಟು. ಕೊಳವೆ ಕಿರಿದಾದರೆ, ಅನಗತ್ಯ ತಿರುವುಗಳಿದ್ದರೆ, ನಡುವೆ ಉಬ್ಬಿದ ಜಾಗದಲ್ಲಿ ಗಾಳಿಯ ಗುಳ್ಳೆ ನಿಂತರೆ ಪರಿಚಲನೆ ನಿಂತೇಹೋಗುತ್ತದೆ. ಆದ್ದರಿಂದಲೇ ಫಲಕದಿಂದ ಟ್ಯಾಂಕಿಗೆ ಹೋಗುವ ಕೊಳವೆ ಎಲ್ಲಿಯೂ ತಗ್ಗದೆ ಏರುತ್ತಲೇ ಹೋಗಬೇಕು.

ನಾನು ಮಾಡಿದ ಎರಡನೆಯ ತಪ್ಪು ಇಲ್ಲಿ. ಬೀದಿಯಿಂದ ನೋಡಿದರೆ ಟ್ಯಾಂಕು ಕಾಣಬಾರದು, ಮನೆಯ ಅಂದ ಕೆಡುತ್ತದೆ ಎಂದು ಅದನ್ನು ತಗ್ಗಿಸಿ, ಬಹುಪಾಲು ಫಲಕದ ಮಟ್ಟಕ್ಕೇ ಕೂಡಿಸಿದೆ. ಸಂಜೆ ನೀರು ಸುಡುತ್ತಿತ್ತು, ಬೆಳಗ್ಗೆ ಉಗುರು ಬೆಚ್ಚಗೆ. ಕಾರಣ ಸರಳ. ನಿರಭ್ರ ರಾತ್ರಿಯಲ್ಲಿ ಫಲಕ ಆಕಾಶಕ್ಕೆ ಉಷ್ಣವನ್ನು ವಿಕಿರಿಸಿ ತಣ್ಣಗಾಗುತ್ತದೆ. ಅದರೊಳಗಿನ ನೀರು ಭಾರವಾಗಿ ಕೆಳಗಿಳಿದು ಟ್ಯಾಂಕಿನ ತಳಕ್ಕೆ ಹೋಗುತ್ತದೆ, ಟ್ಯಾಂಕಿನ ಬಿಸಿನೀರು ಮೇಲಿನ ಕೊಳವೆಯಿಂದ ಫಲಕಕ್ಕೆ ಬರುತ್ತದೆ. ಹಗಲಿನ ಥರ್ಮೋಸೈಫನ್ ಇರುಳಿನಲ್ಲಿ ಹಿಮ್ಮುಖವಾಗಿ ಓಡಿತು! ಟ್ಯಾಂಕಿನ ತಳ ಫಲಕದ ನೆತ್ತಿಗಿಂತ ಕನಿಷ್ಠ 30 ಸೆಂಟಿಮೀಟರಾದರೂ ಮೇಲಿದ್ದರೆ ತಣ್ಣಗಾದ ನೀರು ಫಲಕದಲ್ಲಿಯೇ ನಿಂತಿರುತ್ತದೆ. ಬೇಲಿ ಟ್ಯಾಂಕನ್ನು ಮೇಲಿಟ್ಟದ್ದು ಸುಮ್ಮನೆ ಅಲ್ಲ. ನಾವೂ ಎತ್ತರಿಸಿದೆವು. ಮನೆಯ ಅಂದ ಸ್ವಲ್ಪ ಕೆಟ್ಟಿತು, ಬೆಳಗಿನ ಸ್ನಾನ ಸುಖವಾಯಿತು.

ಬಿಸಿಲು ಸೋತು ಗೆದ್ದ ಬಗೆ

ಬೇಲಿಯ ಸಾಧನ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಜನಪ್ರಿಯವಾಯಿತು. 1913ರ ಜನವರಿಯಲ್ಲಿ ಅಲ್ಲಿ ಅಪರೂಪದ ಹಿಮಚಳಿ ಬಂದು ಫಲಕಗಳ ಕೊಳವೆಗಳು ಒಡೆದಾಗ, ಹೆಪ್ಪುಗಟ್ಟದ ದ್ರವ ಪ್ರತ್ಯೇಕವಾಗಿ ಸುತ್ತುವ ವ್ಯವಸ್ಥೆಯನ್ನು ಆತ ತಂದ. ಆದರೆ 1920ರ ದಶಕದಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತ ನೈಸರ್ಗಿಕ ಅನಿಲ ಹೇರಳವಾಗಿ ದೊರೆತು ಅಗ್ಗವಾಯಿತು. ಸೌರ ಜಲತಾಪಕ ಹಿಂದೆ ಸರಿಯಿತು. ಬೇಲಿಯ ಕಂಪನಿಯೇ ಅನಿಲದ ಜಲತಾಪಕ ಮಾಡತೊಡಗಿತು. ಅನಂತರ ಫ್ಲಾರಿಡದಲ್ಲಿ ಮತ್ತೆ ಚಿಗುರಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ತಾಮ್ರದ ಬಳಕೆಗೆ ನಿರ್ಬಂಧ ಬಂದು ಅಲ್ಲಿಯೂ ಕುಂಠಿತವಾಯಿತು. ಇಂಧನದ ಅಭಾವವಿದ್ದ ಇಸ್ರೇಲಿನಲ್ಲಿ ಲೆವಿ ಯಿಸ್ಸಾರ್ 1950ರ ದಶಕದಲ್ಲಿ ಇದನ್ನು ಮತ್ತೆ ರೂಢಿಗೆ ತಂದ. ಬಿಸಿಲನ್ನು ಚೆನ್ನಾಗಿ ಹೀರಿ, ಉಷ್ಣವನ್ನು ಕಡಿಮೆ ವಿಕಿರಿಸುವ ಆಯ್ದ ಲೇಪನವನ್ನು ಅಲ್ಲಿಯ ಹ್ಯಾರಿ ತಾಬೋರ್ ರೂಪಿಸಿದ. 1980ರಲ್ಲಿ ಆ ದೇಶ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು.

ನಮ್ಮ ರಾಜ್ಯದಲ್ಲಿಯೂ 2007ರಲ್ಲಿ ನಿಗದಿತ ವಿಸ್ತೀರ್ಣಕ್ಕಿಂತ ದೊಡ್ಡದಾದ ಹೊಸ ಕಟ್ಟಡಗಳಿಗೆ ಸೌರ ಜಲತಾಪಕ ಕಡ್ಡಾಯವಾಯಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಇಷ್ಟೊಂದು ಫಲಕಗಳು ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಬೆಳಗಿನ ಹೊತ್ತು ಸಾವಿರಾರು ಗೀಸರ್‌ಗಳು ಒಮ್ಮೆಲೆ ಹೊತ್ತಿಕೊಂಡರೆ ವಿದ್ಯುತ್ ಜಾಲದ ಮೇಲೆ ಬೀಳುವ ಹೊರೆ ಸಣ್ಣದಲ್ಲ. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.65 ಯೂನಿಟ್ ವಿದ್ಯುತ್ ಬೇಕು. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಬಿದ್ದು, ಅದರಲ್ಲಿ ಅರ್ಧ ದಕ್ಕಿದರೂ 2 ಚದರ ಮೀಟರ್ ಫಲಕ 5 ಯೂನಿಟ್ ಕೊಡುತ್ತದೆ. ಲೆಕ್ಕ ಸರಿಹೋಯಿತಲ್ಲ!

ಕೊಳವೆಯ ಲೆಕ್ಕ

ಬಿಸಿನೀರು ಮಾಳಿಗೆಯಲ್ಲಿದ್ದರೆ ಸಾಲದು, ನಲ್ಲಿಗೆ ಬರಬೇಕು. ನಮ್ಮ ಮನೆಯಲ್ಲಿ ಟ್ಯಾಂಕಿನಿಂದ ಕೆಳಗಿನ ಅಡುಗೆಮನೆಗೆ 22 ಮೀಟರ್ ಕೊಳವೆ. ಒಳವ್ಯಾಸ 20 ಮಿಲಿಮೀಟರ್. ಅದರೊಳಗಿನ ನೀರು ಸುಮಾರು 7 ಲೀಟರ್. ಪ್ರತಿಸಲ ನಲ್ಲಿ ತಿರುಗಿಸಿದಾಗ ಈ 7 ಲೀಟರ್ ತಣ್ಣೀರು ಹೋದ ಮೇಲೆಯೇ ಬಿಸಿನೀರು. ದಿನಕ್ಕೆ ನಾಲ್ಕು ಸಲವೆಂದರೆ 28 ಲೀಟರ್, ವರ್ಷಕ್ಕೆ ಹತ್ತು ಸಾವಿರ ಲೀಟರ್! ನಲ್ಲಿ ನಿಲ್ಲಿಸಿದ ಮೇಲೆ ಕೊಳವೆಯಲ್ಲಿ ಉಳಿದ ಬಿಸಿನೀರು ತಣ್ಣಗಾಗಿ ಉಷ್ಣವೂ ನಷ್ಟ. ಹಾಗಾದರೆ ಕೊಳವೆಯನ್ನು 15 ಮಿಲಿಮೀಟರಿಗೆ ಇಳಿಸಬಹುದಲ್ಲ? ಇಳಿಸಿದರೆ ನಿಂತ ನೀರು 4 ಲೀಟರಿಗೆ ಇಳಿಯುತ್ತದೆ. ಆದರೆ ರಕ್ತನಾಳಗಳಲ್ಲಿನ ಹರಿವನ್ನು ಅರಿಯಲು ಹೊರಟ ಫ್ರೆಂಚ್ ವೈದ್ಯ ಪ್ವಾಸೇಯ್ 1840ರ ದಶಕದಲ್ಲಿ ಪ್ರಕಟಿಸಿದ ನಿಯಮ ಅಡ್ಡ ಬರುತ್ತದೆ. ಸ್ತರೀಯ ಹರಿವಿನಲ್ಲಿ ರೋಧ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿದೆ. ಇಲ್ಲಿ ಅದು ಮೂರು ಪಟ್ಟಿಗೂ ಹೆಚ್ಚು. ನಲ್ಲಿಯಲ್ಲಿರುವಂಥ ಪ್ರಕ್ಷುಬ್ಧ ಹರಿವಿನಲ್ಲಿ ಪರಿಣಾಮ ಇನ್ನೂ ತೀವ್ರ. ಉತ್ತಮ ಉಪಾಯವೆಂದರೆ ನಕ್ಷೆ ಬರೆಯುವಾಗಲೇ ಸ್ನಾನದ ಕೋಣೆ, ಅಡುಗೆಮನೆಗಳನ್ನು ಟ್ಯಾಂಕಿನ ನೇರ ಕೆಳಗೆ ಒಂದರ ಪಕ್ಕ ಒಂದು ಇಡುವುದು, ಕೊಳವೆಗೆ ಉಷ್ಣರೋಧಕ ಸುತ್ತುವುದು. ಗೋಡೆ ಎದ್ದ ಮೇಲೆ ನಾನು ಈ ಲೆಕ್ಕ ಹಾಕಿದೆ. ನೀವು ಮೊದಲೇ ಹಾಕಿ.

ಕೊಳವೆಯ ಲೋಹಕ್ಕೂ ಇತಿಹಾಸವಿದೆ. 1824ರಲ್ಲಿ ಬ್ರಿಟಿಷ್ ಯುದ್ಧನೌಕೆಗಳ ತಳದ ತಾಮ್ರದ ತಗಡು ಸವೆಯುವುದನ್ನು ತಡೆಯಲು ಹಂಫ್ರಿ ಡೇವಿ ಅದಕ್ಕೆ ಸತು ಇಲ್ಲವೆ ಕಬ್ಬಿಣದ ತುಂಡುಗಳನ್ನು ಜೋಡಿಸಿದ. ಅವು ತಾವು ಕರಗಿ ತಾಮ್ರವನ್ನು ಉಳಿಸಿದವು. ತಾಮ್ರ ಕರಗದಿದ್ದುದರಿಂದ ಕಡಲ ಚಿಪ್ಪುಜೀವಿಗಳು ಹಡಗಿಗೆ ಅಂಟಿಕೊಂಡು ಬೇರೆ ತೊಂದರೆಯಾಯಿತು ಎನ್ನುವುದು ಬೇರೆ ಮಾತು. ಇಂದು ಉಕ್ಕಿನ ಗೀಸರ್ ಟ್ಯಾಂಕಿನೊಳಗೆ ಇರುವ ಮೆಗ್ನೀಸಿಯಂ ಸರಳು ಡೇವಿಯ ಅದೇ ಉಪಾಯ. ಅದು ಸವೆಯುವುದಕ್ಕೆಂದೇ ಇರುವುದು. ಕೆಲವು ವರ್ಷಗಳಿಗೊಮ್ಮೆ ಬದಲಾಯಿಸದಿದ್ದರೆ ಸವೆಯುವ ಸರದಿ ಟ್ಯಾಂಕಿನದು. ಇದೇ ಕಾರಣಕ್ಕೆ ತಾಮ್ರದ ಕೊಳವೆಯಲ್ಲಿ ಹರಿದು ಬಂದ ನೀರನ್ನು ಸತು ಲೇಪಿಸಿದ ಜಿ.ಐ. ಕೊಳವೆಗೆ ಬಿಡಬಾರದು. ಕರಗಿ ಬಂದ ತಾಮ್ರ ಸತುವಿನ ಮೇಲೆ ಕುಳಿತು ಅಲ್ಲಲ್ಲಿ ತೂತು ಕೊರೆಯುತ್ತದೆ. ಕೊಳವೆಬಾವಿಯ ಗಡಸುನೀರಾದರೆ ಇನ್ನೊಂದು ತೊಂದರೆ: ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಹೊರಬಂದು ಸುರುಳಿಯ ಮೇಲೆ ಬಿಳಿಯ ಕಲ್ಲಾಗಿ ಕೂರುತ್ತದೆ. ಸುರಕ್ಷಾ ಕವಾಟದ ಬಾಯಿಯನ್ನೂ ಅದು ಮುಚ್ಚಬಲ್ಲದು. ಡಮ್ಮಿ ಹಾಕಲು ಮನುಷ್ಯನೇ ಬೇಕೆಂದಿಲ್ಲ!

ತರಗತಿಯಿಂದ ಬಚ್ಚಲುಮನೆಗೆ

ಅಧ್ಯಾಪಕ ಮಿತ್ರರು ಇದನ್ನೊಂದು ಚಟುವಟಿಕೆಯಾಗಿ ಮಾಡಿಸಬಹುದು. ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯಲ್ಲಿ ನಾಲ್ಕು ಸಂಗತಿಗಳನ್ನು ನೋಡಿಕೊಂಡು ಬರಲಿ. ನೀರು ಕಾಯಿಸುವ ಉರಿ ಮುಚ್ಚಿದ ಕೋಣೆಯಲ್ಲಿದೆಯೆ? ಗೀಸರ್‌ನ ಸುರಕ್ಷಾ ಕವಾಟದ ಬಾಯಿ ತೆರೆದಿದೆಯೆ? ಸೌರ ಟ್ಯಾಂಕಿನ ತಳ ಫಲಕಕ್ಕಿಂತ ಮೇಲಿದೆಯೆ? ಬಿಸಿನೀರು ಬರುವ ಮುನ್ನ ಎಷ್ಟು ಲೀಟರ್ ತಣ್ಣೀರು ಹೋಗುತ್ತದೆ? ಕೊನೆಯದಕ್ಕೆ ಒಂದು ಬಕೆಟ್ಟು ಮತ್ತು ಅಳತೆಯ ಪಾತ್ರೆ ಸಾಕು. ಗೀಸರನ್ನು ಬಿಚ್ಚುವುದಾಗಲಿ, ಕವಾಟವನ್ನು ತಿರುಗಿಸುವುದಾಗಲಿ ಬೇಡ, ನೋಡಿ ಬಂದರೆ ಸಾಕು. ಮೊದಲನೆಯ ಪ್ರಶ್ನೆಗೆ 'ಹೌದು' ಎಂದೋ ಎರಡನೆಯದಕ್ಕೆ 'ಇಲ್ಲ' ಎಂದೋ ಉತ್ತರ ತಂದ ಮಗುವಿದ್ದರೆ, ಅಂದೇ ಅದರ ತಂದೆತಾಯಿಗೆ ತಿಳಿಸಿ.

ಸಾಂದ್ರತೆ, ಹಿಗ್ಗುವಿಕೆ, ಗುಪ್ತೋಷ್ಣ, ಸಂವಹನ ಇವೆಲ್ಲ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗಳೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ನಾನೂ ಬಹುಕಾಲ ಹಾಗೆಯೇ ಕಲಿಸಿದೆ. ಪಾಪ್ಯಾನಿಂದ ಬೇಲಿಯವರೆಗೆ ಎಷ್ಟೋ ಜನ ಅದೇ ವಿಷಯಗಳನ್ನು ಕಲಿತು, ತಪ್ಪಿ, ತಿದ್ದಿಕೊಂಡು ನಮ್ಮ ಬೆಳಗಿನ ಸ್ನಾನವನ್ನು ಸುರಕ್ಷಿತಗೊಳಿಸಿದ್ದಾರೆ. ನಮ್ಮ ಗೀಸರ್‌ನಿಂದ ತೆಗೆಸಿದ ಆ ಹಿತ್ತಾಳೆಯ ಡಮ್ಮಿ ಈಗ ನನ್ನ ಮೇಜಿನ ಮೇಲಿದೆ. ಉಷ್ಣವಿಜ್ಞಾನದ ಮೊದಲ ತರಗತಿಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ.